ನಾವು ಹೊರಟ ಮೇಲೂ ನಡೆಯಬೇಕು: ಮಿಷನರಿ ಶಾಲೆಯ ಲೈಬ್ರರಿಯಲ್ಲಿ ಕೋಹಾ

ಲೈಬ್ರರಿ ಸಾಫ್ಟ್‌ವೇರ್ ಹೇಗಿದೆ ಅಂತ ಕೇಳಿದರೆ ಹುಡುಕಾಟ ಎಷ್ಟು ಬೇಗ ಆಗುತ್ತದೆ, ಪರದೆ ನೋಡಲು ಎಷ್ಟು ಚೆನ್ನಾಗಿದೆ ಅಂತ ಹೇಳುವುದು ರೂಢಿ. ಪರದೇಶದ ಕ್ರೈಸ್ತ ಶಾಲೆಯೊಂದರಲ್ಲಿ ಮಿಷನರಿ ಲೈಬ್ರರಿಯನ್ ಆಗಿ ಸೇವೆ ಮಾಡಿದ ಮೇಲೆ ನನ್ನ ಮೊದಲ ಪ್ರಶ್ನೆಯೇ ಬೇರೆಯಾಗಿದೆ. ನಾನು ಗಂಟುಮೂಟೆ ಕಟ್ಟಿಕೊಂಡು ಹೊರಟ ಮರುವಾರ ಇದು ನಡೆಯುತ್ತದಾ? ಮುಂದೆ ಬರುವವರಿಗೆ ಲೈಬ್ರರಿ ಸೈನ್ಸ್ ಗೊತ್ತಿಲ್ಲದಿದ್ದರೂ ನಡೆಯುತ್ತದಾ? ಈ ಒಂದು ಅಳತೆ ಇಟ್ಟುಕೊಂಡೇ ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಬಗ್ಗೆ ಬರೆಯುತ್ತಿದ್ದೇನೆ. ಅಂಕ ಬೇಕೇ ಬೇಕು ಅಂದರೆ ಐದಕ್ಕೆ ನಾಲ್ಕು. ಆ ಒಂದು ಅಂಕ ಎಲ್ಲಿ ಹೋಯಿತು ಅನ್ನೋದನ್ನೂ ಹೇಳುತ್ತೇನೆ.

ಈ ಕೆಲಸ ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮಿಷನರಿಗಳ ಮಕ್ಕಳಿಗಾಗಿ ನಡೆಯುವ ಶಾಲೆಗಳು ಪ್ರಪಂಚದ ಹಲವು ಕಡೆ ಇವೆ. ಕೀನ್ಯಾದ ಕಿಜಾಬೆಯಲ್ಲಿರುವ ರಿಫ್ಟ್ ವ್ಯಾಲಿ ಅಕಾಡೆಮಿ 1906ರಲ್ಲಿ ಶುರುವಾಯಿತು. ತೈವಾನಿನ ಮಾರಿಸನ್ ಅಕಾಡೆಮಿ 1952ರದು, ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಅಕಾಡೆಮಿ 1956ರದು. ನಾನಿದ್ದದ್ದು ಇವುಗಳಲ್ಲಿ ಯಾವುದರಲ್ಲೂ ಅಲ್ಲ, ಇನ್ನೂ ಚಿಕ್ಕ ಶಾಲೆಯಲ್ಲಿ. ಇಂಥ ಎಷ್ಟೋ ಶಾಲೆಗಳಲ್ಲಿ ಸಿಬ್ಬಂದಿಗೆ ಸಂಬಳ ಇರುವುದಿಲ್ಲ. ನಮ್ಮ ನಮ್ಮ ಚರ್ಚ್ ಸಭೆಗಳು, ಸ್ನೇಹಿತರು ಕೊಡುವ ಬೆಂಬಲದ ಮೇಲೆ ಇರಬೇಕು, ಆಗಾಗ ಅವರಿಗೆ ಪ್ರಾರ್ಥನಾ ಪತ್ರ ಬರೆಯಬೇಕು. ಬೆಂಬಲ ನಿಂತರೆ ವಾಪಸ್. ವೀಸಾ ಮುಗಿದರೆ ವಾಪಸ್. ಮನೆಯಲ್ಲಿ ವಯಸ್ಸಾದ ತಾಯಿ ತಂದೆಗೆ ಹುಷಾರಿಲ್ಲ ಅಂದರೂ ವಾಪಸ್. ಹಾಗಾಗಿ ಲೈಬ್ರರಿಯ ಕುರ್ಚಿಯಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ. ನಡುವೆ ಕುರ್ಚಿ ಖಾಲಿ ಇದ್ದಾಗ ಯಾರೋ ಒಬ್ಬ ಟೀಚರ ಹೆಂಡತಿಯೋ ಗಂಡನೋ ಬಂದು ಪುಸ್ತಕ ಕೊಟ್ಟು ತೆಗೆದುಕೊಳ್ಳುತ್ತಾರೆ. ಸಾಫ್ಟ್‌ವೇರ್ ಆಯ್ಕೆ ಮಾಡುವಾಗ ಹೋದವರೂ ಅಲ್ಲದ, ಮುಂದೆ ಬರುವವರೂ ಅಲ್ಲದ ಈ ಮೂರನೆಯವರನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ನಾನು ಹೋದಾಗ ಅಲ್ಲಿ ಇದ್ದದ್ದು ಹಳೆಯ ಪ್ರೋಗ್ರಾಂ. ಹೆಸರು ಬೇಡ. ಒಂದೇ ಕಂಪ್ಯೂಟರಿನಲ್ಲಿ ಕೂತಿತ್ತು, ಅದನ್ನು ಹಾಕಿದವರು ಯಾವತ್ತೋ ಬೇರೆ ಖಂಡಕ್ಕೆ ಹೋಗಿದ್ದರು. ಪಾಸ್‌ವರ್ಡ್ ಒಂದು ಹಳದಿ ಚೀಟಿಯಲ್ಲಿತ್ತು. ಒಳಗಿರುವ ಮಾಹಿತಿಯನ್ನು ಹೊರಗೆ ತೆಗೆಯಲು ಆಯ್ಕೆಯೇ ಇರಲಿಲ್ಲ, ಪ್ರಿಂಟ್ ಮಾತ್ರ ತೆಗೆಯಬಹುದಿತ್ತು. ವರ್ಷಗಟ್ಟಲೆ ಯಾರ್ಯಾರೋ ಕೂತು ಟೈಪ್ ಮಾಡಿದ್ದೆಲ್ಲ ಅದರೊಳಗೇ ಉಳಿಯಿತು. ಆಮೇಲೆ ನಾವು ಕೋಹಾಗೆ ಬಂದೆವು.

ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. ಅಲ್ಲಿನ ಹೊರೊವೆನುವಾ ಲೈಬ್ರರಿ ಟ್ರಸ್ಟ್‌ನವರ ಹಳೆಯ ಸಿಸ್ಟಮ್ 2000ನೇ ಇಸವಿಯ ತಾರೀಕನ್ನು ತಡೆದುಕೊಳ್ಳುವಂತಿರಲಿಲ್ಲ. 1999ರಲ್ಲಿ ಕಟಿಪೋ ಕಮ್ಯುನಿಕೇಷನ್ಸ್ ಅನ್ನುವ ಕಂಪನಿ ಅವರಿಗಾಗಿ ಹೊಸದನ್ನು ಬರೆದುಕೊಟ್ಟಿತು. 2000ದ ಜನವರಿಯಲ್ಲಿ ಅದು ಕೆಲಸಕ್ಕೆ ಇಳಿಯಿತು. ಬರೆಸಿದವರು ಅದನ್ನು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ, ಯಾರು ಬೇಕಾದರೂ ಬಳಸಿ ಬದಲಿಸಿಕೊಳ್ಳಬಹುದಾದ ಜಿಪಿಎಲ್ ಲೈಸೆನ್ಸ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಹಾಗಾಗಿ ಲೈಸೆನ್ಸ್‌ಗೆ ದುಡ್ಡಿಲ್ಲ. ಎಷ್ಟು ಪುಸ್ತಕ, ಎಷ್ಟು ಮಕ್ಕಳು ಅನ್ನುವ ಲೆಕ್ಕದ ಮಿತಿಯೂ ಇಲ್ಲ. ಬಜೆಟ್ ಅಂದರೆ ಯಾರೋ ಪುಣ್ಯಾತ್ಮರ ಕಾಣಿಕೆ ಅನ್ನುವಂಥ ಶಾಲೆಗೆ ಇದು ಸಣ್ಣ ಮಾತಲ್ಲ. ಆದರೆ ಫ್ರೀ ಅಂದ ತಕ್ಷಣ ಹಿಗ್ಗಬೇಡಿ. ಇದನ್ನು ಹಾಕಲು ಲಿನಕ್ಸ್ ಸರ್ವರ್ ಬೇಕು, ಅಂದರೆ ವಿಂಡೋಸ್ ಬದಲು ಲಿನಕ್ಸ್‌ನ ಡೆಬಿಯನ್ ಅಥವಾ ಉಬುಂಟು ಅನ್ನುವ ಬಗೆ ಹಾಕಿದ ಕಂಪ್ಯೂಟರ್. ಅದನ್ನು ನೋಡಿಕೊಳ್ಳುವ ಮನುಷ್ಯನೂ ಬೇಕು. ಕಳೆದುಹೋದ ಒಂದು ಅಂಕದಲ್ಲಿ ಮುಕ್ಕಾಲು ಇಲ್ಲೇ ಹೋಯಿತು.

ಒಮ್ಮೆ ಹಾಕಿದ ಮೇಲೆ ಎಲ್ಲವೂ ಬ್ರೌಸರಿನಲ್ಲೇ. ಲೈಬ್ರರಿಯನ್‌ಗೆ ಒಂದು ಪುಟ, ಮಕ್ಕಳಿಗೆ ಕ್ಯಾಟಲಾಗ್ ಹುಡುಕಲು ಇನ್ನೊಂದು ಪುಟ. ಸರ್ವರ್ ಶಾಲೆಯೊಳಗೇ ಇದ್ದರೆ ಹೊರಗಿನ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಇದು ನನಗೆ ತುಂಬ ಇಷ್ಟವಾದ ಗುಣ. ಇಂಟರ್ನೆಟ್ ಹೋಯಿತು ಅಂತ ಮೂರನೇ ತರಗತಿಯ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿಕೊಂಡು ಕೂರಲು ಆಗಲ್ಲ ಅಲ್ವಾ. ಕರೆಂಟ್ ಹೋದರೆ ಮಾತ್ರ ಏನೂ ಮಾಡಲಾಗದು. ಸರ್ವರಿಗೆ ಯುಪಿಎಸ್ ಇರಲೇಬೇಕು.

ಈಗ ಕ್ಯಾಟಲಾಗಿಂಗ್ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಮಿಷನರಿ ಲೈಬ್ರರಿಯನ್ ದಿನದ ದೊಡ್ಡ ಪಾಲು ಹೋಗುವುದು ಇಲ್ಲೇ. ನಮ್ಮ ಪುಸ್ತಕಗಳಲ್ಲಿ ಕೊಂಡದ್ದು ಕಡಿಮೆ, ದಾನ ಬಂದದ್ದು ಜಾಸ್ತಿ. ಪೆಟ್ಟಿಗೆಗಟ್ಟಲೆ ಬರುತ್ತವೆ. ಒಂದೇ ಭಕ್ತಿ ಪುಸ್ತಕದ ಹಲವು ಪ್ರತಿ, ಬೆನ್ನು ಕಿತ್ತ ವಿಶ್ವಕೋಶ, ಯಾರದೋ ಕಾಲೇಜಿನ ಹಳೆಯ ಲೆಕ್ಕದ ಪುಸ್ತಕ. ಕಳಿಸಿದವರ ಪ್ರೀತಿ ದೊಡ್ಡದು, ನಿಜ. ಆದರೆ ಅದನ್ನೆಲ್ಲ ಶೆಲ್ಫ್‌ಗೆ ಏರಿಸಿದರೆ ಮಕ್ಕಳು ಲೈಬ್ರರಿಯ ಕಡೆ ತಲೆ ಹಾಕುವುದಿಲ್ಲ. ಆಯ್ದು ತೆಗೆಯಬೇಕು. ಆಯ್ದು ಉಳಿದದ್ದನ್ನು ಕೋಹಾಗೆ ಸೇರಿಸಬೇಕು.

ಹೊಸ ಪುಸ್ತಕವಾದರೆ ಸುಲಭ. ಹಿಂಬದಿಯ ಬಾರ್‌ಕೋಡಿಗೆ ಸ್ಕ್ಯಾನರ್ ಹಿಡಿದರೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಬರುತ್ತದೆ. ಕೋಹಾ ಒಳಗಿಂದಲೇ ಝಡ್ 39.50 ಅನ್ನುವ ವ್ಯವಸ್ಥೆಯ ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ದಾಖಲೆ ಹುಡುಕಿ ಹಾಗೇ ಎತ್ತಿಕೊಳ್ಳಬಹುದು. ಹೆಸರು, ಲೇಖಕರು, ವಿಷಯ, ಶೆಲ್ಫಿನಲ್ಲಿ ವಿಷಯದ ಪ್ರಕಾರ ಜೋಡಿಸಲು ಬಳಸುವ ಡ್ಯೂಯಿ ಸಂಖ್ಯೆ ಎಲ್ಲ ಸಿದ್ಧವಾಗಿ ಬರುತ್ತದೆ. ಇದಕ್ಕೆ ಮಾತ್ರ ಇಂಟರ್ನೆಟ್ ಬೇಕು. ನಾನು ಬೆಳಗಿನ ಚಾಪೆಲ್ ಹೊತ್ತಿಗೆ ಮುಂಚೆ, ಲೈನ್ ಖಾಲಿ ಇರುವಾಗ ಈ ಕೆಲಸ ಮುಗಿಸಿಕೊಳ್ಳುತ್ತಿದ್ದೆ.

ಹಳೆಯ ಪುಸ್ತಕಗಳದ್ದು ಬೇರೆ ಕಥೆ. ಐಎಸ್‌ಬಿಎನ್ ಅಂತರರಾಷ್ಟ್ರೀಯ ಮಾನಕವಾಗಿದ್ದು 1970ರಲ್ಲಿ. ಅದಕ್ಕಿಂತ ಹಳೆಯ ಮಿಷನರಿ ಜೀವನ ಚರಿತ್ರೆಗಳಲ್ಲಿ ಆ ನಂಬರ್ ಎಲ್ಲಿಂದ ಬರಬೇಕು? ಇಲ್ಲೊಂದು ಉಪಾಯ ಇದೆ. ಅಮೆರಿಕದಲ್ಲಿ ಅಚ್ಚಾದ ಹಳೆಯ ಪುಸ್ತಕಗಳಲ್ಲಿ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಕಾರ್ಡ್ ನಂಬರ್ ಅಂತ ಒಂದು ಸಂಖ್ಯೆ ಎಷ್ಟೋ ಸಲ ಇರುತ್ತದೆ. ಕೋಹಾದ ಅದೇ ಹುಡುಕಾಟದಲ್ಲಿ ಅದಕ್ಕೂ ಒಂದು ಜಾಗ ಇದೆ. ಅಲ್ಲಿ ಹಾಕಿದರೆ ಬಹಳ ಸಲ ದಾಖಲೆ ಸಿಗುತ್ತದೆ. 1971ರಿಂದ ಈಚೆಗೆ ಅದೇ ಪುಟದಲ್ಲಿ ಡ್ಯೂಯಿ ಸಂಖ್ಯೆಯನ್ನೂ ಅಚ್ಚು ಮಾಡುವ ಪದ್ಧತಿ ಶುರುವಾಯಿತು, ಹಾಗಾಗಿ ದಾಖಲೆ ಸಿಗದಿದ್ದರೂ ಎಷ್ಟೋ ಪುಸ್ತಕಗಳಿಗೆ ನಂಬರಾದರೂ ಸಿಗುತ್ತದೆ. ಮುಂದೆ ಬರುವವರಿಗೆ ನಾನು ಬರೆದಿಟ್ಟ ನೋಟ್‌ಬುಕ್ಕಿನಲ್ಲಿ ಇದೇ ಮೊದಲ ಪುಟ.

ಐಎಸ್‌ಬಿಎನ್, ಕಾರ್ಡ್ ನಂಬರ್ ಎರಡೂ ಇಲ್ಲದಿದ್ದರೆ ಕೈಯಿಂದ ತುಂಬಬೇಕು. ಹೊಸಬರು ಬೆದರುವುದು ಇಲ್ಲಿಯೇ. ಕೋಹಾ ಬಳಸುವುದು ಮಾರ್ಕ್ ದಾಖಲೆ, ಅಂದರೆ ಪುಸ್ತಕದ ಒಂದೊಂದು ವಿವರಕ್ಕೂ ಒಂದು ನಂಬರಿನ ಖಾನೆ ಇರುವ ನಮೂನೆ. ಶೀರ್ಷಿಕೆಗೆ 245, ಲೇಖಕರಿಗೆ 100, ವಿಷಯಕ್ಕೆ 650, ಪ್ರತಿಯ ವಿವರಕ್ಕೆ 952. ಮೊದಲ ಸಲ ಪೂರ್ತಿ ಫಾರ್ಮ್ ತೆರೆದರೆ ಖಾನೆಗಳು ಮುಗಿಯುವುದೇ ಇಲ್ಲ. ನನಗಾದರೆ ಓದು ಬೆನ್ನಿಗಿತ್ತು. ಆದರೆ ಕುರ್ಚಿ ಖಾಲಿ ಇದ್ದಾಗ ಬರುವ ಆ ಮೂರನೆಯವರಿಗೆ? ಪುಣ್ಯಕ್ಕೆ ಕೋಹಾದಲ್ಲಿ ಈ ಫಾರ್ಮನ್ನು ನಮಗೆ ಬೇಕಾದಂತೆ ಕತ್ತರಿಸಬಹುದು. ಹತ್ತು ಹನ್ನೆರಡು ಖಾನೆ ಉಳಿಸಿ ಬಾಕಿಯನ್ನು ಮರೆಮಾಡಿದೆ. ಇದನ್ನು ಮೊದಲ ವಾರವೇ ಮಾಡಿ. ಇನ್ನೊಂದು ಅನುಕೂಲವೂ ಇದೆ. ಕೌಂಟರಿನಲ್ಲಿ ಮಗು ತಂದ ಪುಸ್ತಕ ಸಿಸ್ಟಮ್‌ನಲ್ಲೇ ಇಲ್ಲ ಅಂತಾದರೆ ಅಲ್ಲೇ ಎರಡು ಸಾಲು ತುಂಬಿ ಸೇರಿಸಿ ಕೊಟ್ಟು ಕಳಿಸಬಹುದು. ವಾಪಸ್ ಬಂದ ಮೇಲೆ ಪೂರ್ತಿ ಮಾಡಿಕೊಳ್ಳಬಹುದು. ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಳ್ಳುವ ಕೆಲಸ ತಪ್ಪುತ್ತದೆ.

ಭಾಷೆಯ ವಿಷಯದಲ್ಲಿ ಕೋಹಾಗೆ ಪೂರ್ತಿ ಅಂಕ. ನಮ್ಮ ಶಾಲೆಯಲ್ಲಿ ಕೊರಿಯಾದ ಕುಟುಂಬಗಳು ಜಾಸ್ತಿ ಇದ್ದವು. ಪೋರ್ಚುಗೀಸ್, ಜರ್ಮನ್ ಮಾತಾಡುವವರೂ ಇದ್ದರು. ಮಕ್ಕಳು ಮನೆಯ ಭಾಷೆ ಮರೆಯದಿರಲಿ ಅಂತ ಅವರ ಭಾಷೆಯ ಪುಸ್ತಕ ಇಡುವುದು ಇಂಥ ಲೈಬ್ರರಿಯ ದೊಡ್ಡ ಕೆಲಸ. ಕೋಹಾ ಯೂನಿಕೋಡ್ ಒಪ್ಪುತ್ತದೆ, ಅಂದರೆ ಯಾವ ಭಾಷೆಯ ಲಿಪಿಯಲ್ಲೂ ಬರೆಯಬಹುದು. ಕೊರಿಯನ್ ಶೀರ್ಷಿಕೆಯನ್ನು ಅದರದೇ ಲಿಪಿಯಲ್ಲಿ ಹಾಕಿ, 880 ಅನ್ನುವ ಖಾನೆ ಬಳಸಿ ಇಂಗ್ಲಿಷ್ ಅಕ್ಷರದ ರೂಪವನ್ನೂ ಜೋಡಿಸಬಹುದು. ಕೊರಿಯನ್ ಓದಲು ಬಾರದ ನಾನೂ ಹುಡುಕಬಹುದು, ಅಜ್ಜಿಗೆ ಪತ್ರ ಬರೆಯುವಷ್ಟು ಕಲಿತ ಹುಡುಗಿಯೂ ಹುಡುಕಬಹುದು. ನನ್ನದೇ ಒಂದು ಕನ್ನಡ ಸತ್ಯವೇದವನ್ನೂ (ಬೈಬಲ್) ಕ್ಯಾಟಲಾಗ್‌ಗೆ ಸೇರಿಸಿದೆ. ಅದನ್ನು ಯಾರೂ ಎರವಲು ತೆಗೆದುಕೊಳ್ಳಲಿಲ್ಲ ಅನ್ನೋದು ಬೇರೆ ಮಾತು.

ಡ್ಯೂಯಿ ಬಗ್ಗೆ ಒಂದು ಮಾತು, ಸಾಫ್ಟ್‌ವೇರಿಗೆ ನೇರ ಸಂಬಂಧ ಇಲ್ಲದಿದ್ದರೂ. ಮೆಲ್ವಿಲ್ ಡ್ಯೂಯಿ 1876ರಲ್ಲಿ ತಂದ ಈ ವರ್ಗೀಕರಣದಲ್ಲಿ ಧರ್ಮಕ್ಕೆ 200ರ ಸಾಲು. ಅದರಲ್ಲಿ 220ರಿಂದ 280ರವರೆಗೆ ಬಹುಪಾಲು ಸತ್ಯವೇದ ಮತ್ತು ಕ್ರೈಸ್ತ ಧರ್ಮಕ್ಕೇ. ಪ್ರಪಂಚದ ಉಳಿದ ಧರ್ಮಗಳೆಲ್ಲ 290ರಲ್ಲಿ ಒತ್ತಿಕೊಂಡು ಕೂರಬೇಕು. ಬೇರೆ ಲೈಬ್ರರಿಗಳಲ್ಲಿ ಇದನ್ನು ದೋಷ ಅಂತ ಬೈಯುತ್ತಾರೆ, ಬೈಯುವುದು ಸರಿಯೇ. ಕ್ರೈಸ್ತ ಶಾಲೆಯಲ್ಲಿ ಮಾತ್ರ ಅದೇ ದೋಷ ನಮ್ಮ ಕೆಲಸ ಹಗುರ ಮಾಡಿತು. ಕೀರ್ತನೆಗಳು 223.2, ಯೋಹಾನನ ಸುವಾರ್ತೆ 226.5, ಅಪೊಸ್ತಲರ ಪತ್ರಗಳು 227, ಪ್ರಕಟನೆ 228, ಮಿಷನ್ ಸೇವೆ 266. ಇಷ್ಟು ಗೊತ್ತಿದ್ದರೆ ಶೆಲ್ಫಿನ ಅರ್ಧ ಗೊತ್ತಾದಂತೆ. ಎತ್ತಿಕೊಂಡ ದಾಖಲೆಗಳಲ್ಲಿ ದಶಮಾಂಶದ ಬಾಲ ಉದ್ದವಿರುತ್ತದೆ. ಹಳೆಯ ದಾಖಲೆಗಳಲ್ಲಿ ಎಲ್ಲಿ ಕತ್ತರಿಸಬಹುದು ಅಂತ ಓರೆಗೆರೆ ಹಾಕಿರುತ್ತಾರೆ. ಕೋಹಾ ಆ ಗೆರೆಯ ಸಮೇತ ಕಾಲ್ ನಂಬರಿಗೆ, ಅಂದರೆ ಪುಸ್ತಕದ ಬೆನ್ನಿಗೆ ಅಂಟಿಸುವ ನಂಬರಿಗೆ, ತಂದು ಹಾಕಬಹುದು. ನೋಡಿ ಕತ್ತರಿಸಿ. ಎಂಟು ವರ್ಷದ ಮಗು ಓದಬೇಕಾದ ಲೇಬಲ್ ಅದು, ಒಂದೆರಡು ದಶಮಾಂಶ ಸಾಕು.

ಪುಸ್ತಕ ಕೊಡು-ತಗೋ ವಿಭಾಗ ಗಟ್ಟಿಯಾಗಿದೆ. ಯಾವ ಗುಂಪಿನವರಿಗೆ ಯಾವ ಬಗೆಯ ಪುಸ್ತಕ, ಎಷ್ಟು, ಎಷ್ಟು ದಿನ ಅನ್ನೋದನ್ನೆಲ್ಲ ಒಂದೇ ಕೋಷ್ಟಕದಲ್ಲಿ ಬರೆದಿಡಬಹುದು. ಶಾಲೆಯ ರಜೆಗಳನ್ನು ಕ್ಯಾಲೆಂಡರಿನಲ್ಲಿ ಹಾಕಿದರೆ ವಾಪಸ್ ಕೊಡುವ ತಾರೀಕು ರಜೆಯ ದಿನ ಬೀಳುವುದಿಲ್ಲ. ವರ್ಷದ ಕೊನೆಗೆ ಗಡುವಿನ ತಾರೀಕು ಅಂತ ಒಂದನ್ನು ನಿಗದಿ ಮಾಡಬಹುದು. ಆಗ ಯಾವತ್ತು ಪುಸ್ತಕ ತೆಗೆದುಕೊಂಡರೂ ಆ ದಿನದೊಳಗೆ ವಾಪಸ್ ಬರಬೇಕು. ಮಿಷನರಿ ಕುಟುಂಬಗಳಿಗೆ ಇದು ಮುಖ್ಯ. ರಜೆಗೆ ಅಂತ ಹೊರಟವರು ಹಾಗೇ ಸ್ವದೇಶಕ್ಕೆ ಹೋಗಿ ಒಂದು ವರ್ಷ ಇದ್ದುಬಿಡುತ್ತಾರೆ, ಪುಸ್ತಕವೂ ಅವರ ಜೊತೆ ಲೋಕ ಸಂಚಾರ ಮಾಡುತ್ತದೆ. ಪ್ರತಿ ಮಗುವಿನ ದಾಖಲೆಗೆ ನಮ್ಮದೇ ಖಾನೆ ಸೇರಿಸುವ ಅವಕಾಶವೂ ಇದೆ. ನಾನು ಹಾಸ್ಟೆಲ್ ಕಟ್ಟಡದ ಹೆಸರು ಸೇರಿಸಿದೆ. ಬಾಕಿ ಪಟ್ಟಿಯನ್ನು ಕಟ್ಟಡದ ಪ್ರಕಾರ ತೆಗೆದು ಹಾಸ್ಟೆಲ್ ಮಕ್ಕಳನ್ನು ನೋಡಿಕೊಳ್ಳುವ ಡಾರ್ಮ್ ಪೇರೆಂಟ್ಸ್ ಕೈಗೆ ಕೊಟ್ಟರೆ ಸಂಜೆಯೊಳಗೆ ಅರ್ಧ ಪುಸ್ತಕ ಹಾಸಿಗೆ ಕೆಳಗಿಂದ ಬರುತ್ತಿದ್ದವು.

ಈಗ ಸೂಕ್ಷ್ಮ ವಿಷಯ. ಕ್ರೈಸ್ತ ಶಾಲೆಯ ಲೈಬ್ರರಿಯಲ್ಲಿ ಮಕ್ಕಳು ಏನು ಓದುತ್ತಾರೆ ಅನ್ನೋದರ ಬಗ್ಗೆ ದೊಡ್ಡವರಿಗೆ ಬಹಳ ಆಸಕ್ತಿ. ಒಬ್ಬ ತಂದೆಗೆ ಮಾಟ ಮಂತ್ರದ ಕಥೆ ಬೇಡ, ಇನ್ನೊಬ್ಬರಿಗೆ ವಿಕಾಸವಾದ ಬೇಡ, ಮತ್ತೊಬ್ಬರು ಯಾಕೆ ಇಷ್ಟು ಕಟ್ಟುಪಾಡು ಅಂತ ಕೇಳುತ್ತಾರೆ. ಬೇರೆ ಬೇರೆ ಪಂಗಡ, ಬೇರೆ ಬೇರೆ ದೇಶ. ಎಲ್ಲರೂ ಒಂದೇ ಲೈಬ್ರರಿಯ ಪೋಷಕರು. ಯಾವ ಪುಸ್ತಕ ಇರಬೇಕು ಅನ್ನೋದನ್ನು ಸಾಫ್ಟ್‌ವೇರ್ ತೀರ್ಮಾನ ಮಾಡಲ್ಲ, ಅದಕ್ಕೆ ಶಾಲೆ ಲಿಖಿತವಾಗಿ ಒಂದು ನೀತಿ ಬರೆದಿಡಬೇಕು. ಆದರೆ ಬರೆದ ನೀತಿಯನ್ನು ಜಗಳವಿಲ್ಲದೆ ನಡೆಸಲು ಕೋಹಾ ನೆರವಾಗುತ್ತದೆ. ಹಿರಿಯರ ಪುಸ್ತಕಗಳಿಗೆ ಬೇರೆ ಬಗೆ ಅಂತ ಮಾಡಿ, ಕಿರಿಯರ ಗುಂಪಿಗೆ ಆ ಬಗೆಯಲ್ಲಿ ಸೊನ್ನೆ ಅಂತ ಇಟ್ಟರೆ ಕೌಂಟರಿನಲ್ಲಿ ತಾನೇ ತಡೆಯುತ್ತದೆ. ಪುಸ್ತಕದ ದಾಖಲೆಯಲ್ಲೇ ವಯಸ್ಸಿನ ಗುರುತು ಹಾಕಿ, ಮಗುವಿನ ಹುಟ್ಟಿದ ತಾರೀಕಿನ ಜೊತೆ ಹೋಲಿಸುವ ಸೌಲಭ್ಯವೂ ಇದೆ. ನನಗೆ ಮೊದಲನೆಯದೇ ಸಾಕಾಯಿತು.

ಇದಕ್ಕಿಂತ ಮುಖ್ಯ ಓದಿನ ಇತಿಹಾಸ. ಮಗು ಹಿಂದೆ ಯಾವ್ಯಾವ ಪುಸ್ತಕ ತೆಗೆದುಕೊಂಡಿತ್ತು ಅನ್ನೋದು ಕೋಹಾದಲ್ಲಿ ಉಳಿಯುತ್ತದೆ. ಸುಮ್ನೆ ಬಿಟ್ಟರೆ ಉಳಿಯುತ್ತಲೇ ಹೋಗುತ್ತದೆ. ಮನೆಯಿಂದ ದೂರ ಇರುವ ಹದಿನೈದರ ಹುಡುಗ ನಂಬಿಕೆಯ ಬಗ್ಗೆ ಸಂಶಯ ಇರುವ ಪುಸ್ತಕವನ್ನೋ, ಖಿನ್ನತೆಯ ಬಗ್ಗೆ ಇರುವ ಪುಸ್ತಕವನ್ನೋ ಓದಬೇಕು ಅಂದರೆ ಅದು ನಾಳೆ ಸ್ಟಾಫ್ ಮೀಟಿಂಗಿನಲ್ಲಿ ಚರ್ಚೆ ಆಗಬಾರದು. ಅದು ಪ್ರಾರ್ಥನಾ ವಿಷಯವಾಗಿ ಕೂಡ ಬರಬಾರದು. ಇಂಥ ಚಿಕ್ಕ ಸಮುದಾಯಗಳಲ್ಲಿ ಗುಟ್ಟು ರಟ್ಟಾಗುವುದು ಹೆಚ್ಚಾಗಿ ಪ್ರಾರ್ಥನೆಯ ಹೆಸರಿನಲ್ಲೇ, ಇದ್ದವರಿಗೆ ಗೊತ್ತು. ಕೋಹಾದಲ್ಲಿ ಈ ಇತಿಹಾಸ ಸಿಬ್ಬಂದಿಗೆ ಕಾಣದಂತೆ ಮಾಡಬಹುದು. ಪುಸ್ತಕ ವಾಪಸ್ ಬಂದ ತಕ್ಷಣ ಹೆಸರಿನ ಕೊಂಡಿ ಕಡಿಯುವಂತೆಯೂ ಇಡಬಹುದು, ಅದಕ್ಕೆ ಮೊದಲು ಅನಾಮಧೇಯ ಓದುಗ ಅಂತ ಒಂದು ಖಾತೆ ಮಾಡಿ ಸೆಟ್ಟಿಂಗಿನಲ್ಲಿ ತುಂಬಬೇಕು. ಚಿಕ್ಕ ಮಕ್ಕಳ ಖಾತೆಗೆ ಪೋಷಕರನ್ನು ಜೋಡಿಸಬಹುದು, ಆದರೆ ತನ್ನ ಬಳಿ ಈಗ ಯಾವ ಪುಸ್ತಕ ಇದೆ ಅಂತ ಅವರಿಗೆ ತೋರಿಸಬೇಕೋ ಬೇಡವೋ ಅನ್ನೋದನ್ನು ಓದುಗರಿಗೇ ಬಿಡುವ ಆಯ್ಕೆಯೂ ಇದೆ. ನಾನು ನೋಡಿದ ಶಾಲಾ ಲೈಬ್ರರಿ ಪ್ರೋಗ್ರಾಂಗಳಲ್ಲಿ ಈ ವಿಷಯಕ್ಕೆ ಇಷ್ಟು ಯೋಚನೆ ಮಾಡಿದ್ದನ್ನು ಕಂಡಿಲ್ಲ. ಕೋಹಾ ಯಾಕೆ ಅಂತ ನನ್ನನ್ನು ಕೇಳಿದರೆ ದುಡ್ಡಿಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಖರೀದಿ ವಿಭಾಗ, ಪತ್ರಿಕೆಗಳ ವಿಭಾಗ ಇವೆ. ಚಿಕ್ಕ ಶಾಲೆಗೆ ಬೇಕಾಗಲ್ಲ, ನಾನು ಮುಟ್ಟಿಲ್ಲ. ವರದಿಗಳು ಚೆನ್ನಾಗಿವೆ, ಡೇಟಾಬೇಸಿಗೆ ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆ ಬರದಿದ್ದವರಿಗೆ ಬೇರೆ ಲೈಬ್ರರಿಯನ್‌ಗಳು ಬರೆದು ಹಂಚಿಕೊಂಡ ಸಿದ್ಧ ಪ್ರಶ್ನೆಗಳೇ ಬೇಕಾದಷ್ಟು ಸಿಗುತ್ತವೆ.

ಇನ್ನು ಬೇಸರ ತಂದದ್ದು. ಲೇಬಲ್ ಮುದ್ರಣ ತಾಳ್ಮೆ ಪರೀಕ್ಷೆ. ಹಾಳೆಯ ಅಳತೆ, ಅಂಚು, ಸಾಲುಗಳ ನಡುವಿನ ಜಾಗ ಎಲ್ಲವನ್ನೂ ಅಳೆದು ತುಂಬಬೇಕು, ಪ್ರಿಂಟರ್ ತನ್ನ ಪಾಲಿನ ಮಿಲಿಮೀಟರ್ ಸೇರಿಸುತ್ತದೆ. ಸಾದಾ ಕಾಗದದ ಮೇಲೆ ಮೊದಲು ತೆಗೆದು, ಲೇಬಲ್ ಹಾಳೆಯ ಮೇಲೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ಎರಡನೆಯದು, ಹುಡುಕಾಟ ನೋಡಿಕೊಳ್ಳುವ ಝೀಬ್ರಾ ಅನ್ನುವ ಭಾಗ. ಅದರ ಹಿನ್ನೆಲೆ ಕೆಲಸ ನಿಂತುಹೋದರೆ ಹೊಸದಾಗಿ ಸೇರಿಸಿದ ಪುಸ್ತಕ ಹುಡುಕಾಟದಲ್ಲಿ ಕಾಣುವುದಿಲ್ಲ. ಪುಸ್ತಕ ಕಳೆದಿಲ್ಲ, ಸೂಚಿ ಮಾತ್ರ ಹಿಂದುಳಿದಿದೆ. ಗೊತ್ತಿದ್ದವರಿಗೆ ಒಂದು ಸಾಲಿನ ಆದೇಶ, ಗೊತ್ತಿಲ್ಲದವರಿಗೆ ಎದೆ ಧಸಕ್. ಮೂರನೆಯದು, ಹೊಸ ಆವೃತ್ತಿಗಳು. ಪ್ರತಿ ವರ್ಷ ಮೇ ಮತ್ತು ನವೆಂಬರಿನಲ್ಲಿ ಒಂದೊಂದು ಬರುತ್ತದೆ. ಎಲ್ಲದರ ಹಿಂದೆ ಓಡಬೇಕಿಲ್ಲ. ದೊಡ್ಡ ರಜೆಯಲ್ಲಿ ಒಮ್ಮೆ ಮಾಡಿಕೊಂಡರೆ ಸಾಕು.

ನನ್ನ ಮೊದಲ ಪ್ರಶ್ನೆಗೆ ಬರೋಣ. ನಾವು ಹೋದ ಮೇಲೆ ನಡೆಯುತ್ತದಾ? ಮಾಹಿತಿಯ ಮಟ್ಟಿಗೆ ಖಂಡಿತ. ಇಡೀ ಕ್ಯಾಟಲಾಗನ್ನು ಮಾರ್ಕ್ ರೂಪದಲ್ಲಿ ಹೊರತೆಗೆದು ಪೆನ್‌ಡ್ರೈವ್‌ಗೆ ಹಾಕಬಹುದು. ನಾಳೆ ಬರುವವರು ಕೋಹಾ ಬೇಡ ಅಂದರೂ ಬೇರೆ ಯಾವ ಒಳ್ಳೆಯ ಸಾಫ್ಟ್‌ವೇರಿಗೂ ಅದನ್ನು ತುಂಬಬಹುದು. ಡೆಬಿಯನ್ ಪ್ಯಾಕೇಜಿನಲ್ಲಿ ದಿನಾ ತಾನೇ ಬ್ಯಾಕಪ್ ಆಗುತ್ತದೆ, ಆದರೆ ಅದೇ ಡಿಸ್ಕಿನಲ್ಲಿ. ಅದನ್ನು ಬೇರೆ ಕಡೆ ನಕಲು ಮಾಡುವ ವ್ಯವಸ್ಥೆ ನೀವೇ ಮಾಡಬೇಕು. ಸರ್ವರ್ ಮಟ್ಟಿಗೆ ಮಾತ್ರ ಉತ್ತರ ಶಾಲೆಯನ್ನು ನೋಡಿ ಹೇಳಬೇಕಾಗುತ್ತದೆ. ಲಿನಕ್ಸ್ ಗೊತ್ತಿರುವ ಐಟಿ ಮೇಷ್ಟ್ರು ಒಬ್ಬರು ಇದ್ದಾರೆ ಅನ್ನೋದು ಸಾಲದು, ಅವರೂ ಮಿಷನರಿಯೇ, ಅವರೂ ಹೋಗುತ್ತಾರೆ. ಊರಿನವರೇ ಆದ ಸಿಬ್ಬಂದಿ ಒಬ್ಬರಿಗೆ ಕಲಿಸಿ. ನಮ್ಮಲ್ಲಿ ಕಚೇರಿಯ ಸಹಾಯಕರೊಬ್ಬರು ಆಸಕ್ತಿಯಿಂದ ಕಲಿತರು, ಈಗ ನಡೆಸುತ್ತಿರುವುದೂ ಅವರೇ.

ಅಂಥವರು ಯಾರೂ ಇಲ್ಲ ಅಂದರೆ ಎರಡು ದಾರಿ. ಪುಸ್ತಕ ಕಡಿಮೆ ಇದ್ದರೆ ಲೈಬ್ರರಿಥಿಂಗ್‌ನವರ ಟೈನಿಕ್ಯಾಟ್ ನೋಡಿ, ಚಿಕ್ಕ ಲೈಬ್ರರಿಗಳಿಗಂತಲೇ ಮಾಡಿದ್ದು, ಸರ್ವರ್ ಗೋಜಿಲ್ಲ. ದೊಡ್ಡ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಫಾಲೆಟ್ ಡೆಸ್ಟಿನಿ ಹೆಚ್ಚು ಕಾಣುತ್ತದೆ. ಅದು ಶಾಲೆಗಳಿಗಾಗಿಯೇ ಇರುವುದು, ಆದರೆ ಚಂದಾ ಕಟ್ಟುತ್ತಲೇ ಇರಬೇಕು. ಎರಡನೇ ದಾರಿ, ಕೋಹಾವನ್ನೇ ತಮ್ಮ ಸರ್ವರಿನಲ್ಲಿ ನಡೆಸಿಕೊಡುವ ಕಂಪನಿಗಳು. ವಾರ್ಷಿಕ ಶುಲ್ಕ ಇರುತ್ತದೆ, ಇಂಟರ್ನೆಟ್ ಗಟ್ಟಿಯಾಗಿರಬೇಕು, ಲಿನಕ್ಸ್ ತಲೆನೋವು ಅವರದು. ಈ ದಾರಿ ಹಿಡಿದರೆ ಸಹಿ ಹಾಕುವ ಮುಂಚೆ ಒಂದು ಕೇಳಿ: ಒಪ್ಪಂದ ಮುಗಿದಾಗ ಮಾರ್ಕ್ ದಾಖಲೆ ಮಾತ್ರವಲ್ಲ, ಓದುಗರ ಪಟ್ಟಿ ಮತ್ತು ಬಾಕಿ ಪುಸ್ತಕಗಳ ವಿವರ ಸಮೇತ ಪೂರ್ತಿ ಡೇಟಾಬೇಸ್ ಪ್ರತಿ ಕೊಡುತ್ತೀರಾ ಅಂತ. ಬರವಣಿಗೆಯಲ್ಲಿ ಕೊಡಲು ತಡವರಿಸಿದರೆ ಬೇರೆ ಕಂಪನಿ ನೋಡಿ.